ಹೃದಯ ಮಾತ್ರ ಊರಿಗೆ ಮರಳಿತು

ಮುಂಬಯಿಯ ಕನ್ನಡಿಗನಿಗೂ ದೆಹಲಿಯ ಕನ್ನಡಿಗನಿಗೂ ಸಮಾನವಾಗಿ ಪರಿಚಿತವಾದ ಊರುಗಳು ಹೆಚ್ಚಿಲ್ಲ. ಅಂಥವುಗಳಲ್ಲಿ ಪುಣೆ ಜಿಲ್ಲೆಯ ದೌಂಡವೂ ಒಂದು. ರಾಯಚೂರು, ವಾಡಿ, ಕಲಬುರ್ಗಿ, ಸೊಲ್ಲಾಪುರಗಳನ್ನು ದಾಟಿ ಒಂದೇ ಹಾದಿಯಲ್ಲಿ ಬಂದ ಗಾಡಿಗಳು ಇಲ್ಲಿ ಕವಲೊಡೆಯುತ್ತವೆ. ಉದ್ಯಾನ್ ಎಕ್ಸ್‌ಪ್ರೆಸ್ಸು ಪುಣೆಯ ಮೂಲಕ ಮುಂಬಯಿಗೆ ಸಾಗಿದರೆ ಕರ್ನಾಟಕ ಎಕ್ಸ್‌ಪ್ರೆಸ್ಸು ಮನಮಾಡದ ಹಾದಿ ಹಿಡಿದು ದೆಹಲಿಯತ್ತ ಹೊರಡುತ್ತದೆ. ಬ್ರಿಟಿಷರ ಕಾಗದಪತ್ರಗಳಲ್ಲಿ ‘ಧೋಂಡ್’ ಎಂದು ಕಾಣಿಸಿಕೊಳ್ಳುವ ಭೀಮಾತೀರದ ಈ ಊರಿಗೆ ಹೆಸರು ಬಂದದ್ದೇ ರೈಲಿನಿಂದ. ಪುಣೆಯಲ್ಲಿ ಕಲಿತು, 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕಲಿಸಿದ ಬೇಂದ್ರೆಯವರಿಗೂ ಎರಡು ಊರುಗಳ ನಡುವಣ ರೈಲುದಾರಿ ಇದೇ. ಜಂಕ್ಷನ್ನೆಂಬುದು ಯಾರೂ ತಲುಪಬೇಕೆಂದು ಹೊರಟ ಸ್ಥಳವಲ್ಲ. ಅದು ಬೀಳ್ಕೊಡುವ ಸ್ಥಳ, ಬೋಗಿಯ ಕಿಟಕಿಯಿಂದ ಕೈ ಚಾಚುವ ಸ್ಥಳ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವನಿಗೆ ಪ್ರೇಮದ ನೆನಪೂ ಊರಿನ ನೆನಪೂ ಒಂದರೊಳಗೊಂದು ಬೆರೆತು ಹೋಗುವುದು ಇಂತಹ ನಿಲ್ದಾಣಗಳಲ್ಲಿಯೇ.

ಈ ಬೆರಕೆಯನ್ನು ತನ್ನ ಸಮಸ್ತ ಕಲೆಯ ಉಸಿರಾಗಿಸಿಕೊಂಡ ಒಂದು ದೇಶ ಯುರೋಪಿನಲ್ಲಿದೆ. ಅದು ಪೋಲೆಂಡ್. ಅದರ ಕಾವ್ಯ, ಸಂಗೀತ, ಚಲನಚಿತ್ರಗಳಲ್ಲಿ ಪ್ರಣಯಕ್ಕೆ ಬರಗಾಲವಿಲ್ಲ. ಆದರೆ ಅಲ್ಲಿ ನಲ್ಲೆಯನ್ನು ಅಗಲುವುದೂ ನಾಡನ್ನು ಅಗಲುವುದೂ ಬಹುತೇಕ ಒಂದೇ ಘಳಿಗೆಯಲ್ಲಿ ಸಂಭವಿಸುತ್ತವೆ. ಕನ್ನಡದ ಪ್ರೇಮಕಾವ್ಯ ಬೆಳೆದ ಬಗೆ ಬೇರೆ. 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ದಂಪತಿಗಳಿಗೆ ಅಗಲಿಕೆಯೆಂದರೆ ಹೆಚ್ಚೆಂದರೆ ಹೆಂಡತಿ ತವರಿಗೆ ಹೋದದ್ದು. ಕರೆತರಲು ಹೋಗುವ ಅಳಿಯನಿಗೆ ದಾರಿ ಗೊತ್ತು, ಆ ಊರು ಇದ್ದಲ್ಲೇ ಇರುತ್ತದೆಂಬ ಭರವಸೆಯೂ ಉಂಟು. ಪೋಲೆಂಡಿನ ಪ್ರೇಮಿಗೆ ಆ ಭರವಸೆ ಇರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯಗಳು 1772, 1793, 1795ರಲ್ಲಿ ಮೂರು ಸಲ ಕತ್ತರಿಸಿ ಹಂಚಿಕೊಂಡ ಆ ನಾಡು ಭೂಪಟದಿಂದಲೇ ಅಳಿಸಿಹೋಗಿ 123 ವರ್ಷಗಳ ಬಳಿಕ, 1918ರಲ್ಲಿ, ಮತ್ತೆ ಕಾಣಿಸಿಕೊಂಡಿತು. ಈ ನಡುವಣ ಕಾಲದಲ್ಲಿ ಪೋಲೆಂಡ್ ಬದುಕಿದ್ದು ಭಾಷೆಯಲ್ಲಿ ಹಾಗೂ ಹಾಡಿನಲ್ಲಿ.

ಪೋಲಿಷ್ ಪ್ರಣಯಕಾವ್ಯದ ಆದಿಪುರುಷ ಆದಮ್ ಮಿತ್ಸ್ಕ್ಯೆವಿಚ್. 1798ರಲ್ಲಿ ಜನಿಸಿದ ಈತ ತಾರುಣ್ಯದಲ್ಲಿ ಮಾರಿಲಾ ಎಂಬ ಶ್ರೀಮಂತ ಕನ್ಯೆಗೆ ಮನಸೋತನು. ಬಡ ಶಾಲಾ ಉಪಾಧ್ಯಾಯನಿಗೆ ಹೆಣ್ಣು ಕೊಡುವವರು ಅಲ್ಲಿಯೂ ವಿರಳ. ಅವಳು 1821ರಲ್ಲಿ ಒಬ್ಬ ಕೌಂಟನ ಕೈಹಿಡಿದಳು. ಮರುವರ್ಷ ಹೊರಬಂದ ‘ಲಾವಣಿಗಳು ಮತ್ತು ಪ್ರಣಯಗೀತೆಗಳು’ ಎಂಬ ಸಂಕಲನದಿಂದ ಪೋಲಿಷ್ ರಮ್ಯ ಸಂಪ್ರದಾಯ ಆರಂಭವಾಯಿತೆಂದು ಅಲ್ಲಿಯ ಸಾಹಿತ್ಯಚರಿತ್ರಕಾರರು ಎಣಿಸುತ್ತಾರೆ. 1823ರಲ್ಲಿ ರಷ್ಯದ ಸರಕಾರ ಆತನನ್ನು ಬಂಧಿಸಿತು, ಮರುವರ್ಷ ಗಡೀಪಾರು ಮಾಡಿತು. ಹುಟ್ಟಿದ ನೆಲವನ್ನು ಆತ ಮತ್ತೆ ಕಾಣಲಿಲ್ಲ. 1834ರಲ್ಲಿ ಪ್ಯಾರಿಸಿನಲ್ಲಿ ಕುಳಿತು ಬರೆದು ಮುಗಿಸಿದ ‘ಪಾನ್ ತಾದೇಉಷ್’ ಮಹಾಕಾವ್ಯದಲ್ಲಿ ಎರಡು ಕಲಹಮಗ್ನ ಮನೆತನಗಳ ತರುಣ ತರುಣಿಯರ ವಿವಾಹದ ಕಥೆಯಿದೆ. ಅದಕ್ಕಿಂತ ಹೆಚ್ಚಾಗಿ ಅಣಬೆ ಆರಿಸುವ ಕಾಡು, ಕಾಫಿ ಕಾಸುವ ಬಗೆ, ತರಕಾರಿಯ ತೋಟ ಇವೆಲ್ಲ ಇಂಚುಇಂಚಾಗಿ ಇವೆ. ಪರಸ್ಥಳದಲ್ಲಿ ನೆಲೆಸಿದವನಿಗಲ್ಲದೆ ಊರಿನ ಅಡುಗೆಮನೆ ಅಷ್ಟು ವಿವರವಾಗಿ ನೆನಪಿಗೆ ಬರಲಾರದು. ಆಂದ್ಜೇ ವಾಯ್ದಾ 1999ರಲ್ಲಿ ಈ ಕಾವ್ಯವನ್ನು ಚಿತ್ರವಾಗಿಸಿದನು.

ಕವಿಗಿಂತ ಹೆಚ್ಚಾಗಿ ಜಗತ್ತಿನ ಕಿವಿಗೆ ಪೋಲೆಂಡಿನ ಅಳಲನ್ನು ಮುಟ್ಟಿಸಿದವನು ಫ್ರೆಡೆರಿಕ್ ಶೋಪೆನ್. ವಾರ್ಸಾ ನಗರದ ಸಮೀಪದ ಜೆಲಜೋವಾ ವೋಲಾ ಎಂಬ ಹಳ್ಳಿಯಲ್ಲಿ 1810ರಲ್ಲಿ ಆತನ ಜನನ. ತಂದೆ ಫ್ರೆಂಚನಾದರೂ ಮಗನು ಅಪ್ಪಟ ಪೋಲಿಷ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆತ ಸಂಗೀತ ವಿದ್ಯಾಲಯದ ಗಾಯಕಿ ಕೊನ್ಸ್ತಾನ್ಸಿಯಾ ಗ್ಲಾದ್ಕೋವ್ಸ್ಕಾಳನ್ನು ಮೆಚ್ಚಿಕೊಂಡನು. ತನ್ನ ಆದರ್ಶಮೂರ್ತಿಯನ್ನು ಕಂಡುಕೊಂಡಿರುವೆನೆಂದೂ ಆರು ತಿಂಗಳಿನಿಂದ ಅವಳೊಡನೆ ಒಂದು ಮಾತನ್ನೂ ಆಡಿಲ್ಲವೆಂದೂ ಗೆಳೆಯನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಮಾತಿನ ಬದಲು ಎಫ್ ಮೈನರ್ ಕನ್ಸರ್ಟೋ ಕೃತಿಯ ವಿಳಂಬ ಗತಿಯ ಮಧ್ಯಭಾಗ ಹುಟ್ಟಿತು. 1830ರ ಅಕ್ಟೋಬರಿನಲ್ಲಿ ವಾರ್ಸಾದಲ್ಲಿ ನಡೆದ ಆತನ ಬೀಳ್ಕೊಡುಗೆಯ ಕಛೇರಿಯಲ್ಲಿ ಅವಳೂ ಹಾಡಿದಳು. ನವೆಂಬರಿನ ಆರಂಭದಲ್ಲಿ ಆತ ಊರು ಬಿಟ್ಟನು. ಆ ತಿಂಗಳು ಮುಗಿಯುವುದರೊಳಗೆ ರಷ್ಯದ ಆಳ್ವಿಕೆಯ ವಿರುದ್ಧ ವಾರ್ಸಾದಲ್ಲಿ ದಂಗೆಯೆದ್ದಿತು. ಮರುವರ್ಷ ಅದು ಅಡಗಿತು. ಹಿಂದಿರುಗುವ ದಾರಿ ಮುಚ್ಚಿಹೋಯಿತು. ಕೊನ್ಸ್ತಾನ್ಸಿಯಾ 1832ರಲ್ಲಿ ಒಬ್ಬ ಜಮೀನುದಾರನನ್ನು ವರಿಸಿ ಗಾಯನವನ್ನು ಬಿಟ್ಟಳು, ಮುಂದೆ ದೃಷ್ಟಿಯನ್ನೂ ಕಳೆದುಕೊಂಡಳು. ಅವಳ ನೆನಪಿನಲ್ಲಿ ಹುಟ್ಟಿದ ಕನ್ಸರ್ಟೋ 1836ರಲ್ಲಿ ಮುದ್ರಣವಾದಾಗ ಅರ್ಪಣೆಯ ಪುಟದಲ್ಲಿ ಬೇರೊಬ್ಬ ಹೆಂಗಸಿನ ಹೆಸರಿತ್ತು. ಕಲಾವಿದರ ವ್ಯವಹಾರವೇ ಹಾಗೆ.

ಶೋಪೆನ್ನನ ಪ್ರಣಯವನ್ನು ಕೇಳಬೇಕಾದರೆ ಕಛೇರಿಯ ದೊಡ್ಡ ಕೃತಿಗಳಿಗಿಂತ ಆತನ ‘ಮಜೂರ್ಕ’ಗಳಿಗೆ ಕಿವಿಗೊಡಬೇಕು. ಮಜೂರ್ಕವೆಂದರೆ ಪೋಲೆಂಡಿನ ಬಯಲುಸೀಮೆಯ ರೈತರ ಕುಣಿತ. ಮೂರು ಮಾತ್ರೆಗಳ ನಡೆ. ಕರ್ನಾಟಕ ಸಂಗೀತ ಬಲ್ಲವರು ಅದನ್ನು ತಿಶ್ರವೆಂದು ಎಣಿಸಿ ಕೈತಾಳ ಹಾಕಹೊರಟರೆ ಬೇಗನೆ ತಪ್ಪುತ್ತಾರೆ. ಕಾರಣ, ಒತ್ತು ಮೊದಲ ಮಾತ್ರೆಯ ಮೇಲೆ ಬೀಳದೆ ಒಮ್ಮೆ ಎರಡನೆಯದರ ಮೇಲೆ, ಒಮ್ಮೆ ಮೂರನೆಯದರ ಮೇಲೆ ಬೀಳುತ್ತದೆ. ಕುಣಿಯುವ ಕಾಲು ನೆಲ ಮುಟ್ಟಲು ಅನುಮಾನಿಸಿದಂತೆ ಕೇಳುತ್ತದೆ. ಆತ ಇಂತಹ ಐವತ್ತಕ್ಕೂ ಹೆಚ್ಚು ರಚನೆಗಳನ್ನು ಮಾಡಿದನು. ಅವುಗಳಲ್ಲಿ ಬಹುಪಾಲು ಪ್ಯಾರಿಸಿನ ಶ್ರೀಮಂತರ ದಿವಾನಖಾನೆಗಳ ನಡುವೆ, ಆ ಕುಣಿತದ ಸದ್ದೇ ಇಲ್ಲದ ನಗರದಲ್ಲಿ ಮೂಡಿದವು. ಈ ಭಾವಕ್ಕೆ ಪೋಲಿಷ್ ಭಾಷೆಯಲ್ಲಿ ‘ಜಾಲ್’ ಎಂಬ ಪದವಿದೆ. ದುಃಖ, ಹಂಬಲ, ಕಳೆದುಕೊಂಡದ್ದರ ಬಗೆಗಿನ ಮುನಿಸು, ಇವು ಮೂರೂ ಅದರಲ್ಲಿ ಸೇರಿವೆ. ಕನ್ನಡದ ‘ಅಳಲು’ ಅದರ ಹತ್ತಿರಕ್ಕೆ ಬರುತ್ತದೆ. ಮುನಿಸಿನ ಪಾಲು ಮಾತ್ರ ಸ್ವಲ್ಪ ಕಡಿಮೆ.

1836ರಲ್ಲಿ ಮತ್ತೊಂದು ಪೋಲಿಷ್ ಮನೆತನದ ಕನ್ಯೆ ಮಾರಿಯಾ ವೊಜಿನ್ಸ್ಕಾಳೊಡನೆ ಆತನ ವಿವಾಹದ ಮಾತುಕತೆಯಾಯಿತು. ಕನ್ಯೆಯ ತಾಯಿ ಒಂದು ಷರತ್ತು ಹಾಕಿದಳು: ವರನು ಬೇಗ ಮಲಗಬೇಕು, ಉಣ್ಣೆಯ ಕಾಲುಚೀಲ ಧರಿಸಬೇಕು, ದೇಹ ನೋಡಿಕೊಳ್ಳಬೇಕು. ಕೆಮ್ಮು ಆಗಲೇ ಆತನ ಬೆನ್ನು ಹತ್ತಿತ್ತು. ಮರುವರ್ಷ ಆ ಸಂಬಂಧ ಸದ್ದಿಲ್ಲದೆ ಮುರಿಯಿತು. ಅನಾರೋಗ್ಯದ ಭಯ ಅದಕ್ಕೆ ಒಂದು ಕಾರಣವಾಗಿತ್ತು. ಆ ಮನೆಯಿಂದ ಬಂದ ಕಾಗದಗಳನ್ನೆಲ್ಲ ಒಂದು ಕಟ್ಟು ಕಟ್ಟಿ ಮೇಲೆ ‘ನನ್ನ ಪಾಡು’ ಎಂಬರ್ಥದ ಎರಡು ಪೋಲಿಷ್ ಪದಗಳನ್ನು ಬರೆದಿಟ್ಟಿದ್ದನು. ಅದು ಆತನ ಮರಣಾನಂತರ ದೊರೆಯಿತು.

ಬಳಿಕ ಫ್ರೆಂಚ್ ಲೇಖಕಿ ಜಾರ್ಜ್ ಸಾಂಡಳೊಡನೆ ಒಂಬತ್ತು ವರ್ಷಗಳ ಸಹವಾಸ. ಈ ಪ್ರಕರಣವನ್ನು ಕುರಿತು ಬರೆದವರು ಸಾಕಷ್ಟಿದ್ದಾರೆ. ಆರೋಗ್ಯದ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ 1838–39ರ ಚಳಿಗಾಲವೊಂದು ಸಾಕು. ಹವಾ ಬದಲಾವಣೆಗೆಂದು ಇಬ್ಬರೂ ಸ್ಪೇನಿನ ಮಜೋರ್ಕಾ ದ್ವೀಪಕ್ಕೆ ಹೋದರು. ದೊರೆತದ್ದು ಮಳೆ, ತೇವ, ಮತ್ತು ವಾಸಕ್ಕೆ ಹಳೆಯ ಸನ್ಯಾಸಿಮಠದ ಒಂದು ಕೋಣೆ. ಅಲ್ಲಿಯ ವೈದ್ಯರು ಕ್ಷಯವೆಂದು ನಿರ್ಣಯಿಸಿದ ಕೂಡಲೇ ಮನೆಯ ಯಜಮಾನ ಅವರನ್ನು ಹೊರಹಾಕಿದನು, ರೋಗಿ ಮಲಗಿದ ಹಾಸಿಗೆಯನ್ನು ಸುಡಿಸುವ ಖರ್ಚನ್ನೂ ವಸೂಲು ಮಾಡಿದನು. ಪ್ಯಾರಿಸಿನ ವೈದ್ಯರು ಆ ಕಾಲದಲ್ಲಿ ಕ್ಷಯವನ್ನು ವಂಶಪಾರಂಪರ್ಯದ ಬೇನೆಯೆಂದು ತಿಳಿದಿದ್ದರು. ಅದು ಅಂಟುರೋಗವೆಂಬ ನಂಬಿಕೆ ಸ್ಪೇನಿನವರದು. ರಾಬರ್ಟ್ ಕಾಖ್ ರೋಗಾಣುವನ್ನು ತೋರಿಸಿಕೊಟ್ಟದ್ದು 1882ರಲ್ಲಿ. ಸೌಜನ್ಯವಿಲ್ಲದ ಮಜೋರ್ಕಾದ ಯಜಮಾನನ ಕಡೆಗೇ ವಿಜ್ಞಾನ ನಿಂತಿತೆಂಬುದು ವಿನೋದದ ಮಾತಾದರೂ ನಿಜ. ಆ ತೇವದ ಮಠದಲ್ಲಿಯೇ ಶೋಪೆನ್ ತನ್ನ ಇಪ್ಪತ್ನಾಲ್ಕು ‘ಪ್ರೆಲ್ಯೂಡ್’ಗಳನ್ನು ಪೂರ್ಣಗೊಳಿಸಿದನು.

ಹತ್ತೊಂಬತ್ತನೆಯ ಶತಮಾನದ ರಸಿಕರು ಕ್ಷಯವನ್ನು ಪ್ರೇಮಿಗಳ ಆಭರಣವೆಂಬಂತೆ ವರ್ಣಿಸಿದರು. ಬಿಳಿಚಿದ ಮುಖ, ಹೊಳೆಯುವ ಕಣ್ಣು, ಕೆಂಪು ಕಲೆಯ ಕರವಸ್ತ್ರ. ಈ ಮಾದರಿಯನ್ನು ಭಾರತದ ಕಾದಂಬರಿಗಳೂ ಚಲನಚಿತ್ರಗಳೂ ಬಹುಕಾಲ ಬಿಡಲಿಲ್ಲ. ಇದರಷ್ಟು ಹಾನಿಕರವಾದ ಅಲಂಕಾರ ಸಾಹಿತ್ಯದಲ್ಲಿ ಬೇರೊಂದಿಲ್ಲ. ಶೋಪೆನ್ನನ ಕಡೆಯ ವರ್ಷಗಳಲ್ಲಿ ಸೊಬಗೇನೂ ಇರಲಿಲ್ಲ. ಮೆಟ್ಟಿಲು ಹತ್ತಲಾಗದೆ ಆತನನ್ನು ಎತ್ತಿಕೊಂಡು ಹೋಗಬೇಕಾಗುತ್ತಿತ್ತು, ಉಸಿರು ಸಾಲದೆ ಕುಳಿತೇ ರಾತ್ರಿ ಕಳೆಯಬೇಕಾಗುತ್ತಿತ್ತು. ಇಂದು ಈ ರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧೋಪಚಾರವಿದೆ, ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಎರಡು ವಾರ ಮೀರಿದ ಕೆಮ್ಮನ್ನು ಪರೀಕ್ಷಿಸಿಕೊಳ್ಳಬೇಕು, ಹಿತವೆನಿಸಿತೆಂದು ಮದ್ದನ್ನು ನಡುವೆ ಬಿಡಬಾರದು. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮಹಾನಗರದ ವಸತಿಗಳಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ.

1849ರ ಅಕ್ಟೋಬರ್ 17ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಶೋಪೆನ್ ಪ್ಯಾರಿಸಿನಲ್ಲಿ ಕಣ್ಣುಮುಚ್ಚಿದನು. ದೇಹವನ್ನು ಅಲ್ಲಿಯೇ ಮಣ್ಣು ಮಾಡಲಾಯಿತು. ಹೃದಯವನ್ನು ಮಾತ್ರ ಬೇರ್ಪಡಿಸಿ ಮದ್ಯಸಾರ ತುಂಬಿದ ಗಾಜಿನ ಪಾತ್ರೆಯಲ್ಲಿರಿಸಿ, ಆತನ ಇಚ್ಛೆಯಂತೆ ಅಕ್ಕ ಲುದ್ವಿಕಾ ಗಡಿಯ ಪಹರೆಯವರ ಕಣ್ಣು ತಪ್ಪಿಸಿ ವಾರ್ಸಾಕ್ಕೆ ಒಯ್ದಳು. ಪವಿತ್ರ ಶಿಲುಬೆಯ ಇಗರ್ಜಿಯ ಒಂದು ಕಂಬದೊಳಗೆ ಇಂದಿಗೂ ಅದು ಇದೆ. ಹಿಟ್ಲರನ ಸೈನ್ಯ ಪೋಲೆಂಡನ್ನು ಆಕ್ರಮಿಸಿದಾಗ ಶೋಪೆನ್ನನ ಸಂಗೀತಕ್ಕೆ ಬಹಿರಂಗದಲ್ಲಿ ನಿಷೇಧ ಬಿತ್ತು, ಆತನ ಪ್ರತಿಮೆಯನ್ನು 1940ರಲ್ಲಿ ಸಿಡಿಸಿ ಉರುಳಿಸಲಾಯಿತು. 1944ರ ವಾರ್ಸಾ ದಂಗೆಯ ಕಾಲದಲ್ಲಿ ಇಗರ್ಜಿ ಜಖಂಗೊಂಡಿತು, ಹೃದಯದ ಪಾತ್ರೆ ಊರ ಹೊರಗೆ ಹೋಯಿತು. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ 17ರಂದು, ಆತನ ಪುಣ್ಯತಿಥಿಯ ದಿನವೇ, ಹಾಳುಬಿದ್ದ ರಾಜಧಾನಿಗೆ ಅದನ್ನು ಮರಳಿ ತಂದರು. 2014ರ ಏಪ್ರಿಲ್ ತಿಂಗಳ ಒಂದು ರಾತ್ರಿ ತಜ್ಞರು ಪಾತ್ರೆಯ ಮುಚ್ಚಳ ತೆರೆಯದೆ ಹೊರಗಿನಿಂದಲೇ ಪರಿಶೀಲಿಸಿದರು. ಹೃದಯದ ಸುತ್ತಣ ಪೊರೆಗೆ ಕ್ಷಯ ತಗಲಿ ಉಂಟಾದ ಉರಿಯೂತವೇ ಬಹುಮಟ್ಟಿಗೆ ಮರಣಕಾರಣವೆಂದು ಅವರ ಅಭಿಪ್ರಾಯ. ಪ್ರಣಯಿಯ ಹೃದಯವನ್ನು ಕವಿಗಳು ನೂರು ಬಗೆಯಲ್ಲಿ ವರ್ಣಿಸಿದ್ದಾರೆ. ವೈದ್ಯರು ಕಣ್ಣಾರೆ ನೋಡಿ ವರದಿ ಬರೆದದ್ದು ಇದೊಂದನ್ನೇ ಇರಬೇಕು.

ಸಾಯುತ್ತಿದ್ದ ಶೋಪೆನ್ನನನ್ನು ಪ್ಯಾರಿಸಿನಲ್ಲಿ ಕಂಡುಬರುತ್ತಿದ್ದವರಲ್ಲಿ ತ್ಸಿಪ್ರಿಯಾನ್ ನೊರ್ವಿದ್ ಎಂಬ ತರುಣ ಕವಿಯೂ ಒಬ್ಬ. ಶೋಪೆನ್ನನಿಂದ ಪಿಯಾನೋ ಪಾಠ ಹೇಳಿಸಿಕೊಂಡ ಒಬ್ಬ ಸುಂದರಿಯನ್ನು ಪ್ರೀತಿಸಿ ನಿರಾಶನಾದವನು. 1863ರಲ್ಲಿ ವಾರ್ಸಾದಲ್ಲಿ ರಷ್ಯದ ಸೈನಿಕರು ಶೋಪೆನ್ ಬಾರಿಸಿದ್ದ ಪಿಯಾನೋವನ್ನು ಮಹಡಿಯ ಕಿಟಕಿಯಿಂದ ಬೀದಿಗೆಸೆದ ಸುದ್ದಿ ತಿಳಿದು ನೊರ್ವಿದ್ ಅದರ ಮೇಲೊಂದು ಕವಿತೆ ಬರೆದನು. ಪೋಲಿಷ್ ಶಾಲೆಗಳ ಮಕ್ಕಳು ಅದನ್ನು ಈಗ ಪಾಠವಾಗಿ ಓದುತ್ತಾರೆ. ಬರೆದವನು ಮಾತ್ರ 1883ರಲ್ಲಿ ಪ್ಯಾರಿಸಿನ ಒಂದು ಅನಾಥಾಶ್ರಯದಲ್ಲಿ, ಕಿವಿ ಮಂದವಾಗಿ, ಯಾರ ಲಕ್ಷ್ಯಕ್ಕೂ ಬಾರದೆ ಸತ್ತನು.

ಎಪ್ಪತ್ತೈದು ವರ್ಷಗಳ ತರುವಾಯ ಈ ಮರೆತುಹೋದ ಕವಿಯನ್ನು ಜಗತ್ತಿನ ಚಿತ್ರಮಂದಿರಗಳಿಗೆ ಕರೆತಂದದ್ದು ವಾಯ್ದಾನ ‘ಬೂದಿ ಮತ್ತು ವಜ್ರ’. 1958ರಲ್ಲಿ ತೆರೆಕಂಡ ಈ ಚಿತ್ರದ ಹೆಸರೇ ನೊರ್ವಿದನ ಸಾಲಿನಿಂದ ಬಂದದ್ದು. ಕಥೆ ನಡೆಯುವುದು ಯುದ್ಧ ಮುಗಿದ ದಿನದ ಒಂದೇ ರಾತ್ರಿಯಲ್ಲಿ. ಮಾಚೆಕ್ ಎಂಬ ಗುಪ್ತಸೇನೆಯ ಯುವಕನಿಗೆ ಒಬ್ಬ ಕಮ್ಯೂನಿಸ್ಟ್ ನಾಯಕನನ್ನು ಕೊಲ್ಲುವ ಆಜ್ಞೆಯಾಗಿದೆ. ಅದೇ ಹೋಟೆಲಿನಲ್ಲಿ ಮದ್ಯ ಹಂಚುವ ಕ್ರಿಸ್ತಿನಾಳನ್ನು ಆತ ಪ್ರೀತಿಸಿಬಿಡುತ್ತಾನೆ. ರಾತ್ರಿಯಲ್ಲಿಯೂ ಕಪ್ಪು ಕನ್ನಡಕವೇಕೆಂದು ಅವಳು ಕೇಳಿದಾಗ, ಪ್ರತಿಫಲ ಸಿಗದ ದೇಶಪ್ರೇಮದ ಕಾಣಿಕೆ ಅದೆಂಬ ಅರ್ಥದ ಉತ್ತರ ಕೊಡುತ್ತಾನೆ. ವಾರ್ಸಾ ದಂಗೆಯಲ್ಲಿ ನೆಲದಡಿಯ ಚರಂಡಿಗಳಲ್ಲಿ ಬಹಳ ಹೊತ್ತು ಕಳೆದು ಅವನ ಕಣ್ಣು ಕೆಟ್ಟಿದೆ. ಇಬ್ಬರೂ ಮಳೆಗೆ ಓಡಿ ಹೋಗಿ ನಿಂತ ಪಾಳು ಇಗರ್ಜಿಯಲ್ಲಿ ಶಿಲುಬೆ ತಲೆಕೆಳಗಾಗಿ ತೂಗುತ್ತಿದೆ. ಅಲ್ಲಿ ಸಮಾಧಿಯ ಮೇಲೆ ಕೆತ್ತಿದ ಮಾಸಿದ ಪದ್ಯವನ್ನು ಅವಳು ಬೆಂಕಿಕಡ್ಡಿಯ ಬೆಳಕಿನಲ್ಲಿ ಓದತೊಡಗುತ್ತಾಳೆ. ಅಕ್ಷರ ಅಳಿಸಿಹೋದಲ್ಲಿಂದ ಮುಂದಕ್ಕೆ ಅವನು ನೆನಪಿನಿಂದ ಹೇಳಿ ಮುಗಿಸುತ್ತಾನೆ. ಪದ್ಯವೊಂದನ್ನು ಇಬ್ಬರು ಹಂಚಿಕೊಂಡು ಓದುವುದರಲ್ಲಿಯೇ ಪ್ರಣಯವಿದೆ; ಚುಂಬನದ ದೃಶ್ಯಗಳು ಅದರ ಮುಂದೆ ಸಪ್ಪೆ. ಬೆಳಗಾಗುವುದರೊಳಗೆ ಮಾಚೆಕ್ ಆಜ್ಞೆ ಪಾಲಿಸುತ್ತಾನೆ, ತಾನೂ ಗುಂಡು ತಗಲಿ ತಿಪ್ಪೆಯ ಮೇಲೆ ಬಿದ್ದು ಸಾಯುತ್ತಾನೆ. ಹೋಟೆಲಿನಲ್ಲಿ ಕುಡಿದು ಬಳಲಿದ ಅತಿಥಿಗಳು ಅಪಶ್ರುತಿಯ ವಾದ್ಯಕ್ಕೆ ಕುಣಿಯುತ್ತಿರುತ್ತಾರೆ. ವಾದ್ಯದವರು ನುಡಿಸುವುದು ಓಗಿನ್ಸ್ಕಿಯ ‘ತಾಯ್ನಾಡಿಗೆ ವಿದಾಯ’.

ಮಾಚೆಕ್ ಪಾತ್ರ ವಹಿಸಿದ ಜ್ಬಿಗ್ನೇವ್ ತ್ಸಿಬುಲ್ಸ್ಕಿ ಆ ಪೀಳಿಗೆಯ ಪೋಲಿಷ್ ತರುಣರ ಆರಾಧ್ಯನಾದನು. 1967ರ ಜನವರಿ 8ರಂದು ವ್ರೋತ್ಸ್ವಾಫ್ ನಿಲ್ದಾಣದಲ್ಲಿ ಹೊರಟಿದ್ದ ರೈಲನ್ನು ಏರಹೋಗಿ ಜಾರಿ ಬಿದ್ದು ಮೃತನಾದನು. ವಯಸ್ಸು ಮೂವತ್ತೊಂಬತ್ತು, ಶೋಪೆನ್ನನಷ್ಟೇ. ಚಲಿಸುವ ಗಾಡಿಗೆ ಹಾರುವ ಅಭ್ಯಾಸವನ್ನು ಸಾಹಸವೆಂದು ತಿಳಿದವರು ಮುಂಬಯಿಯ ಲೋಕಲ್ಲುಗಳಲ್ಲಿಯೂ ದೌಂಡದ ಪ್ಲಾಟ್‌ಫಾರಮ್ಮಿನಲ್ಲಿಯೂ ಇದ್ದಾರೆ. ವಾಯ್ದಾ ಮುಂದೆ ತನ್ನ ಈ ನಟನ ನೆನಪಿನಲ್ಲಿಯೇ ಒಂದು ಚಿತ್ರ ಮಾಡಿದನು.

ಹಾಡು ಮತ್ತು ಪ್ರೇಮ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದ ಈಚಿನ ಕೃತಿ ಪಾವೆಲ್ ಪಾವ್ಲಿಕೋವ್ಸ್ಕಿಯ ‘ಶೀತಲ ಯುದ್ಧ’. 2018ರ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕನ ಪ್ರಶಸ್ತಿ ಪಡೆದ ಈ ಕಪ್ಪುಬಿಳುಪಿನ ಚಿತ್ರ 1949ರಲ್ಲಿ ಆರಂಭವಾಗುತ್ತದೆ. ಸಂಗೀತಗಾರ ವಿಕ್ತೋರ್ ಹಳ್ಳಿಹಳ್ಳಿ ಅಲೆದು ರೈತ ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸುತ್ತಾನೆ. ಈ ದೃಶ್ಯ ಕಂಡ ಕನ್ನಡಿಗರಿಗೆ ಹಲಸಂಗಿಯ ಗೆಳೆಯರು ನೆನಪಾಗದೆ ಇರಲಾರರು. ಬಿಜಾಪುರ ಜಿಲ್ಲೆಯ ಆ ಹಳ್ಳಿಯಿಂದ 1931ರಲ್ಲಿ ‘ಗರತಿಯ ಹಾಡು’ ಹೊರಬಂದು ಬೀಸುಕಲ್ಲಿನ ಮುಂದಿನ ಕವಿತ್ವಕ್ಕೆ ಮುದ್ರಣದ ಮನ್ನಣೆ ದೊರೆಯಿತು. ಹಲಸಂಗಿಯವರ ಭಾಗ್ಯ, ಅವರ ಹಾಡುಗಳ ಮೇಲೆ ಯಾವ ಸರಕಾರವೂ ಕಣ್ಣುಹಾಕಲಿಲ್ಲ. ವಿಕ್ತೋರನ ತಂಡಕ್ಕೆ ಸ್ಟಾಲಿನ್ನನ ಸ್ತುತಿ ಹಾಡುವ ಆಜ್ಞೆ ಬರುತ್ತದೆ.

ತಂಡಕ್ಕೆ ಹಾಡಲು ಸೇರಿದ ಜೂಲಾ ಎಂಬ ಹುಡುಗಿಯನ್ನು ಆತ ಪ್ರೀತಿಸುತ್ತಾನೆ. ಬರ್ಲಿನ್ನಿನಲ್ಲಿ ಗಡಿ ದಾಟಿ ಪಾರಾಗೋಣವೆಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಆತ ಕಾಯುತ್ತಾನೆ, ಅವಳು ಬರುವುದಿಲ್ಲ. ವರ್ಷಗಳ ಮೇಲೆ ಪ್ಯಾರಿಸಿನಲ್ಲಿ ಒಂದಾಗುತ್ತಾರೆ. ಅಲ್ಲಿ ಹಳ್ಳಿಯ ಆ ಹಾಡು ಜಾಜ್ ಶೈಲಿಗೆ ತಿರುಗುತ್ತದೆ, ಫ್ರೆಂಚಿಗೆ ಅನುವಾದಗೊಳ್ಳುತ್ತದೆ, ಧ್ವನಿಮುದ್ರಿಕೆಯಾಗುತ್ತದೆ. ರಾಗ ಅದೇ, ಜೂಲಾಳಿಗೆ ಅದು ತನ್ನದೆನಿಸುವುದಿಲ್ಲ. ಅನುವಾದದ ಮಾತುಗಳು ಅವಳ ನಾಲಗೆಗೆ ಒಗ್ಗುವುದಿಲ್ಲ. ಒಂದು ದಿನ ಹೇಳದೆ ಕೇಳದೆ ಪೋಲೆಂಡಿಗೆ ಹಿಂದಿರುಗುತ್ತಾಳೆ. ಅವಳಿಗಾಗಿ ವಿಕ್ತೋರನೂ ಹಿಂದಿರುಗಿ ಸೆರೆಮನೆ ಸೇರುತ್ತಾನೆ, ಅಲ್ಲಿಂದ ಬಿಡುಗಡೆಯಾಗುವಾಗ ಅವನ ಬೆರಳುಗಳು ಪಿಯಾನೋ ನುಡಿಸುವ ಸ್ಥಿತಿಯಲ್ಲಿರುವುದಿಲ್ಲ. ಪರಸ್ಥಳದಲ್ಲಿ ಪ್ರೇಮ ಏಕೆ ಕೆಡುತ್ತದೆಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರಗಳು ಕಡಿಮೆ. ಅಲ್ಲಿ ಖಳನಾಯಕನಿಲ್ಲ. ಊರಿನಲ್ಲಿದ್ದಾಗ ಹಾಡುತ್ತಿದ್ದವಳು ಪ್ಯಾರಿಸಿನಲ್ಲಿ ಪರಿಚಯಿಸಲ್ಪಡುವ ವಸ್ತುವಾಗುತ್ತಾಳೆ, ಅಷ್ಟೇ. ಮದುವೆಯಾಗಿ ಊರಿನಿಂದ ಬಂದು ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ಮಾತಿಗೆ ಜೊತೆಯಿಲ್ಲದೆ ಕುಳಿತ ಗೃಹಿಣಿಗೆ ಜೂಲಾಳ ಸಿಡುಕು ವಿವರಣೆಯಿಲ್ಲದೆ ಅರ್ಥವಾದೀತು. ತನ್ನ ತಂದೆತಾಯಿಯರ ಕೂಡುವ ಅಗಲುವ ಬಾಳನ್ನೇ ಆಧರಿಸಿ ನಿರ್ದೇಶಕ ಇದನ್ನು ರಚಿಸಿದನು. ಚಿತ್ರ ಅರ್ಪಿತವಾಗಿರುವುದೂ ಅವರಿಗೇ.

ಪೋಲಿಷ್ ಪ್ರಣಯವೆಲ್ಲ ಗುಂಡು, ಗಡಿ, ಗಾಡಿಗಳದೇ ಅಲ್ಲ. 1996ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕವಯಿತ್ರಿ ವಿಸ್ವಾವಾ ಶಿಂಬೋರ್ಸ್ಕಾ ಕ್ರಾಕೋವ್ ನಗರದಲ್ಲಿ ಕಥೆಗಾರ ಕೊರ್ನೆಲ್ ಫಿಲಿಪೋವಿಚ್‌ನೊಡನೆ ಎರಡು ದಶಕಗಳಿಗೂ ಮೀರಿ ಸ್ನೇಹಪ್ರೇಮದಲ್ಲಿದ್ದಳು. ಇಬ್ಬರೂ ಒಂದೇ ಊರಿನವರಾದರೂ ಒಂದೇ ಮನೆಯಲ್ಲಿ ವಾಸಿಸಲಿಲ್ಲ. ಆತ ಗಾಳ ಹಾಕಲು ಹೋದರೆ ಅವಳೂ ಜೊತೆಗೆ ಹೋಗುತ್ತಿದ್ದಳು. 1990ರಲ್ಲಿ ಆತ ತೀರಿಕೊಂಡಾಗ ಬರೆದ ಕವಿತೆಯಲ್ಲಿ ಆಕೆ ಎಲ್ಲಿಯೂ ತನ್ನ ಅಳುವನ್ನು ತರಲಿಲ್ಲ. ಯಜಮಾನನಿಲ್ಲದ ಮನೆಯಲ್ಲಿ ಒಂಟಿಯಾದ ಬೆಕ್ಕಿನ ಕಣ್ಣಿನಿಂದ ಎಲ್ಲವನ್ನೂ ನೋಡಿದಳು. ಇದೇ ಕಾಲದ ಚಿತ್ರನಿರ್ದೇಶಕ ಕ್ಷಿಶ್ತೋಫ್ ಕೀಸ್ಲೋವ್ಸ್ಕಿ. 1988ರ ‘ಪ್ರೇಮವನ್ನು ಕುರಿತ ಒಂದು ಕಿರುಚಿತ್ರ’ದಲ್ಲಿ ಅಂಚೆಕಚೇರಿಯ ಗುಮಾಸ್ತ ಹುಡುಗನೊಬ್ಬ ಎದುರು ಕಟ್ಟಡದ ಹೆಂಗಸನ್ನು ದೂರದರ್ಶಕದಿಂದ ನೋಡುತ್ತ ಪ್ರೀತಿಸುತ್ತಾನೆ. ಸಾವಿರ ಕಿಟಕಿಗಳ ವಸತಿ ಸಮುಚ್ಚಯಗಳಲ್ಲಿ ಬಾಳುವವರಿಗೆ ಈ ಚಿತ್ರದ ಏಕಾಂತ ಹೊಸದಲ್ಲ.

ಇಷ್ಟಾದರೂ ಪೋಲೆಂಡ್ ದೂರದ ದೇಶವೆಂದೇ ತೋರಬಹುದು. ಅದು ಒಮ್ಮೆ ಕನ್ನಡ ನಾಡಿನ ಹೊಸ್ತಿಲಿಗೇ ಬಂದು ಐದು ವರ್ಷ ತಂಗಿತ್ತು. ದೌಂಡದಿಂದ ಪುಣೆ ಸುಮಾರು 75 ಕಿಲೋಮೀಟರು. ಪುಣೆಯಿಂದ ದಕ್ಷಿಣಕ್ಕೆ ಮಿರಜಿನ ಮಾರ್ಗ ಹಿಡಿದು ಕೊಲ್ಹಾಪುರದ ಕಡೆಗೆ ಹೊರಳಿದರೆ, ಆ ಊರು ಸೇರುವ ಮೊದಲು ವಳಿವಡೆ ಎಂಬ ಚಿಕ್ಕ ನಿಲ್ದಾಣ ಸಿಗುತ್ತದೆ. 1940ರಿಂದ ಸೋವಿಯತ್ ಸರಕಾರ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯ ಮೊದಲಾದ ಕಡೆಗಳಿಗೆ ಸಾಗಿಸಿತ್ತು. 1941ರಲ್ಲಿ ಬಿಡುಗಡೆ ಸಿಕ್ಕ ಮೇಲೆ ಇರಾನಿನ ಮೂಲಕ ಭಾರತಕ್ಕೆ ಬಂದವರಲ್ಲಿ ಸುಮಾರು ಐದು ಸಾವಿರ ಮಂದಿ, ಬಹುಪಾಲು ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ವಳಿವಡೆಯ ಬ್ಯಾರಕ್ಕುಗಳಲ್ಲಿ ನೆಲೆಸಿದರು. ಗಂಡಂದಿರು ಯುದ್ಧದಲ್ಲಿ ಅಥವಾ ಎಲ್ಲಿಯೋ ತಿಳಿಯದು. ಹೆಂಗಸರು ಅಲ್ಲಿ ಇಗರ್ಜಿ, ಶಾಲೆ, ನಾಟಕಶಾಲೆ ನಡೆಸಿದರು, ಮೇಳಗಾನ ಹಾಡಿದರು. ಕೆಮ್ಮು ಜ್ವರಗಳಿಂದ ಸೊರಗಿದ ಮಕ್ಕಳಿಗೆ ಪಂಚಗಣಿಯ ಬೆಟ್ಟದ ಮೇಲೆ ಆರೋಗ್ಯಧಾಮವೊಂದು ಇತ್ತು. ಶಿಬಿರದ ಮಕ್ಕಳು ಈಜಿದ ಪಂಚಗಂಗೆಯ ನೀರು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಬೆಳಗಾವಿ ಜಿಲ್ಲೆಗೆ ಇಳಿಯುತ್ತದೆ. ದೌಂಡದ ಭೀಮೆಯೂ ಕೊನೆಗೆ ರಾಯಚೂರಿನ ಬಳಿ ಸೇರುವುದು ಅದೇ ಕೃಷ್ಣೆಯನ್ನು.

ಈ ಶಿಬಿರದ ತರುಣರಿಗೆ ಭಾರತದ ಪರಿಚಯ ಮಾಡಿಸಿದವರಲ್ಲಿ ವಾಂದಾ ದಿನೋವ್ಸ್ಕಾ ಮುಖ್ಯಳು. ಇಲ್ಲಿ ಉಮಾದೇವಿ ಎಂಬ ಹೆಸರು ಪಡೆದ ಆಕೆ, ವಾರ್ಸಾದಲ್ಲಿ ಹುಟ್ಟಿ ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದ ಎಂಜಿನಿಯರ್ ಮಾರಿಸ್ ಫ್ರೀದ್ಮಾನ್‌ನೊಡನೆ ಸೇರಿ 1944ರಲ್ಲಿ ಪೋಲಿಷ್–ಭಾರತೀಯ ಗ್ರಂಥಮಾಲೆ ಆರಂಭಿಸಿದಳು. ಭಾರತದ ಕಾವ್ಯವನ್ನು ಪೋಲಿಷ್ ಭಾಷೆಗೆ ತಂದಳು, ಭಗವದ್ಗೀತೆಯನ್ನು ಅನುವಾದಿಸಿದಳು. ಕಡೆಗಾಲದಲ್ಲಿ ಟಿಬೆಟ್ಟಿನ ನಿರಾಶ್ರಿತರ ಸೇವೆಯಲ್ಲಿ ತೊಡಗಿ 1971ರಲ್ಲಿ ಮೈಸೂರಿನಲ್ಲಿ ನಿಧನಳಾದಳು. ಆಕೆಯ ಪ್ರೇಮ ವ್ಯಕ್ತಿಯೊಬ್ಬನ ಮೇಲಿನದಲ್ಲ, ಒಂದು ದೇಶದ ಮೇಲಿನದು. ಪೋಲಿಷರಿಗೆ ಈ ಎರಡರ ನಡುವಣ ಗೆರೆ ಮೊದಲಿನಿಂದಲೂ ತೆಳುವು.

ಯುದ್ಧ ಮುಗಿದರೂ ವಳಿವಡೆಯವರಲ್ಲಿ ಬಹುಮಂದಿಗೆ ಊರಿಗೆ ಮರಳುವ ಯೋಗವಿರಲಿಲ್ಲ. ಅವರು ಹುಟ್ಟಿದ ಪ್ರದೇಶಗಳು ಸೋವಿಯತ್ ಒಕ್ಕೂಟಕ್ಕೆ ಸೇರಿಹೋಗಿದ್ದವು. ಇಂಗ್ಲೆಂಡ್, ಆಸ್ಟ್ರೇಲಿಯ ಮೊದಲಾದ ಕಡೆಗಳಿಗೆ ಚದುರಿಹೋದರು. ಮುಪ್ಪಿನಲ್ಲಿ ಅವರಲ್ಲಿ ಕೆಲವರು ಮಕ್ಕಳು ಮೊಮ್ಮಕ್ಕಳೊಡನೆ ಕೊಲ್ಹಾಪುರಕ್ಕೆ ಬಂದು ತಮ್ಮ ಬ್ಯಾರಕ್ಕುಗಳಿದ್ದ ಜಾಗವನ್ನು ಹುಡುಕಿದ್ದುಂಟು. ನಗರದ ಉದ್ಯಾನವೊಂದರಲ್ಲಿ ಸ್ಮಾರಕಸ್ತಂಭವಿದೆ. ವಾರ್ಸಾದಲ್ಲಿಯೂ ಕೊಲ್ಹಾಪುರದ ಹೆಸರಿನ ಫಲಕವಿದ್ದು 2024ರ ಆಗಸ್ಟಿನಲ್ಲಿ ಭಾರತದ ಪ್ರಧಾನಮಂತ್ರಿ ಅಲ್ಲಿ ಪುಷ್ಪಾರ್ಪಣೆ ಮಾಡಿದರು.

ಎಲ್ಲರೂ ಹೊರಟುಹೋದರೆಂದೂ ಅಲ್ಲ. ಶಿಬಿರದ ಒಬ್ಬ ಪೋಲಿಷ್ ಯುವತಿ ಕೊಲ್ಹಾಪುರದ ಮರಾಠಿ ಯುವಕನನ್ನು ಒಲಿದು, ಮದುವೆಯಾಗಿ, ಹೆಸರು ಬದಲಿಸಿಕೊಂಡು ಆ ಮನೆಯ ಸೊಸೆಯಾದಳು. ಜೊತೆಯವರನ್ನು ಹೊತ್ತ ಗಾಡಿಗಳು ವಳಿವಡೆಯಿಂದ ಒಂದೊಂದಾಗಿ ಹೊರಟ ಮೇಲೂ ಆಕೆ ಸೀರೆಯುಟ್ಟು, ಮರಾಠಿ ಮಾತಾಡುತ್ತ, ಅದೇ ಊರಿನಲ್ಲಿ ಸಂಸಾರ ಹೂಡಿದಳು.